ಡಿಫರೆನ್ಷಿಯಲ್ ಆಯಿಲ್ ತುಂಬುವ ಕೈಪಂಪು: ನಾನಾ ಪೇಟೆಯಲ್ಲಿ ಕೊಂಡು ಜಿಪ್ಸಿಗೆ ಬಳಸಿದ್ದು

ಫೋರ್ ವೀಲ್ ಡ್ರೈವ್ ಗಾಡಿ ಇಟ್ಟುಕೊಂಡು ಮಳೆಗಾಲದಲ್ಲಿ ಪುಣೆ ಹತ್ತಿರದ ಮುಳಶಿ, ತಾಮ್ಹಿಣಿ ಘಾಟ್ ಕಡೆ ತಿರುಗುವವರ ಮನೆಯಲ್ಲಿ ಈ ಪಂಪು ಇರಲೇಬೇಕು. ಅರ್ಧ ಲೀಟರ್ ಹಿಡಿಯುವ ಕಬ್ಬಿಣದ ಕೊಳವೆ, ಒಳಗೆ ಪಿಸ್ಟನ್, ಹಿಂದೆ ಎಳೆಯುವ ಹಿಡಿ, ಮುಂದೆ ರಬ್ಬರ್ ಹೋಸ್. ಅಷ್ಟೇ. ನೋಡಲು ದೊಡ್ಡ ಇಂಜೆಕ್ಷನ್ ಸಿರಿಂಜ್ ಇದ್ದ ಹಾಗಿದೆ. ಪುಣೆಯ ನಾನಾ ಪೇಟೆಯಲ್ಲಿ ಸ್ಪೇರ್ ಪಾರ್ಟ್ಸ್ ಅಂಗಡಿಗಳು ಸಾಲಾಗಿವೆ, ಅಲ್ಲಿ ಚೌಕಾಶಿ ಮಾಡಿ 700 ರೂಪಾಯಿಗೆ ತಂದೆ. ಮೇಲೆ ಕಂಪನಿ ಹೆಸರೂ ಇಲ್ಲ, ಆದರೆ ಕೆಲಸ ಚೆನ್ನಾಗಿ ಮಾಡುತ್ತದೆ.

ಡಿಫರೆನ್ಷಿಯಲ್ ಅಂದರೆ ಎಂಜಿನ್‌ನ ಶಕ್ತಿಯನ್ನು ಎಡ ಬಲ ಚಕ್ರಗಳಿಗೆ ಹಂಚುವ ಗೇರ್‌ಗಳ ಗುಂಪು. ಪಂಪು ಯಾಕೆ ಬೇಕು ಅಂದರೆ, ಆಯಿಲ್ ತುಂಬುವ ತೂತು ಅದರ ಹೌಸಿಂಗ್‌ನ, ಅಂದರೆ ಹೊರಕವಚದ, ಪಕ್ಕಕ್ಕೆ ಇರುತ್ತದೆ. ಅಲ್ಲಿ ಡಬ್ಬಿ ಬಗ್ಗಿಸಿ ಸುರಿಯಲು ಜಾಗ ಇಲ್ಲ. ಡಬ್ಬಿಯ ಬಾಯಿಗೇ ತಿರುಗಿಸಿ ಕೂರಿಸುವ ಪ್ಲಾಸ್ಟಿಕ್ ಪಂಪು ಇದಕ್ಕಿಂತ ಕಡಿಮೆ ದುಡ್ಡಿಗೆ ಸಿಗುತ್ತದೆ, ಅದನ್ನೂ ಬಳಸಿ ನೋಡಿದ್ದೇನೆ. ತೆಳು ಆಯಿಲ್‌ಗೆ ಪರವಾಗಿಲ್ಲ. ಗೇರ್ ಆಯಿಲ್ ದಪ್ಪ, ಒತ್ತಿ ಒತ್ತಿ ಕೈ ಸೋಲುತ್ತದೆ, ಬರುವುದು ಮಾತ್ರ ಚಮಚದಷ್ಟು. ಕಬ್ಬಿಣದ್ದರಲ್ಲಿ ಒಮ್ಮೆ ಎಳೆದರೆ ಅರ್ಧ ಲೀಟರ್ ತುಂಬುತ್ತದೆ, ಒಮ್ಮೆ ತಳ್ಳಿದರೆ ಅಷ್ಟೂ ಒಳಗೆ. ಡಿಸೆಂಬರ್ ಬೆಳಗಿನ ಚಳಿಯಲ್ಲಿ ಇದನ್ನೂ ಎಳೆಯುವುದು ಕಷ್ಟ. ಆಯಿಲ್ ಡಬ್ಬಿಯನ್ನು ಸ್ವಲ್ಪ ಹೊತ್ತು ಬಿಸಿಲಿಗಿಟ್ಟು ಆಮೇಲೆ ಎಳೆಯಿರಿ, ಸಲೀಸಾಗಿ ಬರುತ್ತದೆ.

ವರ್ಕ್‌ಶಾಪ್‌ಗೆ ಕೊಟ್ಟರೆ ಮುಗಿಯಿತಲ್ವಾ ಅಂತ ಕೇಳಬಹುದು. ಕೊಟ್ಟಿದ್ದೆ. ಬಿಲ್‌ನಲ್ಲಿ ಹಿಂದೆ ಮುಂದೆ ಎರಡೂ ಡಿಫರೆನ್ಷಿಯಲ್ ಆಯಿಲ್ ಬದಲಿಸಿದ್ದೇವೆ ಅಂತ ಬರೆದಿತ್ತು. ಮನೆಗೆ ಬಂದು ಟಾರ್ಚ್ ಬಿಟ್ಟು ನೋಡಿದರೆ ಮುಂದಿನ ಪ್ಲಗ್ (ತೂತು ಮುಚ್ಚುವ ಬೋಲ್ಟ್) ಮೇಲೆ ಹಳೆಯ ಕೆಂಪು ಮಣ್ಣು ಒಣಗಿ ಗಟ್ಟಿಯಾಗಿ ಹಾಗೇ ಕೂತಿತ್ತು. ಪಾನಾ ತಾಗಿದ ಒಂದು ಗುರುತೂ ಇರಲಿಲ್ಲ. ಎಂಜಿನ್ ಆಯಿಲ್ ಆದರೆ ಡಿಪ್‌ಸ್ಟಿಕ್ ಎಳೆದು ನೋಡಬಹುದು, ಇದನ್ನು ಯಾರು ನೋಡುತ್ತಾರೆ? ಅದಕ್ಕೇ ಈ ಕೆಲಸ ನಮ್ಮ ಕೈಯಲ್ಲೇ ಇರಬೇಕು ಅನ್ನುವುದು.

ಹಳೆಯ ಆಯಿಲ್ ನಮ್ಮ ಕಣ್ಣೆದುರೇ ಟಬ್‌ಗೆ ಬೀಳುವುದು ಇನ್ನೂ ದೊಡ್ಡ ಲಾಭ. ಬರೀ ಕಪ್ಪಾಗಿದ್ದರೆ ವಯಸ್ಸಾಗಿದೆ ಅಷ್ಟೇ. ಹಾಲು ಹಾಕಿದ ಚಹಾದ ಬಣ್ಣ ಬಂದಿದ್ದರೆ ನೀರು ಹೊಕ್ಕಿದೆ ಅಂತ. ಓಡಿ ಬಿಸಿಯಾದ ಡಿಫರೆನ್ಷಿಯಲ್ ಹಳ್ಳದ ತಣ್ಣೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ತಣ್ಣಗಾಗಿ ಕುಗ್ಗುತ್ತದೆ. ಗಾಳಿ ಆಡಲು ಇರುವ ಸಣ್ಣ ಕಿಂಡಿ, ಅಂದರೆ ಬ್ರೀದರ್‌ಗೆ ಕೆಸರು ಕಟ್ಟಿದ್ದರೆ ಹೊರಗಿನ ಗಾಳಿ ಬರಲು ದಾರಿ ಇಲ್ಲ, ಸೀಲ್ ಸಂದಿಯಿಂದ ನೀರನ್ನೇ ಎಳೆದುಕೊಳ್ಳುತ್ತದೆ. ಹಾಗಾಗಿ ಆಯಿಲ್ ಬದಲಿಸುವ ದಿನವೇ ಬ್ರೀದರ್ ಕೂಡ ಬಿಚ್ಚಿ ಊದಿ ನೋಡಿ. ಡ್ರೈನ್ ಪ್ಲಗ್ ತುದಿಯಲ್ಲಿ ಮ್ಯಾಗ್ನೆಟ್ ಇದ್ದರೆ ಅದಕ್ಕೆ ಬೂದು ಬಣ್ಣದ ನುಣ್ಣನೆ ಪೇಸ್ಟ್ ಅಂಟಿರುತ್ತದೆ. ಬೆರಳಲ್ಲಿ ತಿಕ್ಕಿ ನೋಡಿ. ನುಣ್ಣಗಿದ್ದರೆ ಹೆದರಬೇಡಿ, ಅದು ಹಲ್ಲುಗಳು ಮಾಮೂಲಿಯಾಗಿ ಸವೆದ ಪುಡಿ. ಚೂರು ಚೂರಾಗಿ ಬೆರಳಿಗೆ ಚುಚ್ಚಿದರೆ ಮಾತ್ರ ಮೆಕ್ಯಾನಿಕ್ ಹತ್ತಿರ ಹೋಗಲೇಬೇಕು.

ಕೋಥ್ರೂಡ್‌ನಲ್ಲಿ ನಮ್ಮ ಸೊಸೈಟಿಯ ಪಾರ್ಕಿಂಗ್‌ನಲ್ಲೇ ಈ ಕೆಲಸ ಮಾಡುತ್ತೇನೆ. ಜಿಪ್ಸಿ ಎತ್ತರದ ಗಾಡಿ, ಕೆಳಗೆ 210 ಮಿಲಿಮೀಟರ್ ಜಾಗ ಇದೆ, ಜಾಕ್ ಇಲ್ಲದೆ ರಟ್ಟು ಹಾಸಿ ಜಾರಿಕೊಂಡು ಹೋಗಬಹುದು. ನೆಲ ಮಾತ್ರ ಸಮ ಇರಬೇಕು, ಹ್ಯಾಂಡ್‌ಬ್ರೇಕ್ ಹಾಕಿ ಚಕ್ರಕ್ಕೆ ಕಲ್ಲು ಕೊಡಬೇಕು. ನಿಮ್ಮ ಗಾಡಿ ತಗ್ಗಿದ್ದು ಎತ್ತಲೇಬೇಕಾದರೆ ನಾಲ್ಕೂ ಕಡೆ ಸ್ಟ್ಯಾಂಡ್ ಕೊಡಿ, ಬರೀ ಜಾಕ್ ನಂಬಿ ಕೆಳಗೆ ಹೋಗಲೇಬೇಡಿ. ಮೇಲಿನ ಮನೆಯ ಕಾಕಾ ವಿಜಯಪುರದವರು, ಊರಲ್ಲಿ ಟ್ರ್ಯಾಕ್ಟರ್ ಇಟ್ಟವರು. ನನ್ನ ಕಾಲಷ್ಟೇ ಹೊರಗೆ ಕಂಡು, "ಏನ್ ತಮ್ಮಾ, ಗಾಡಿ ಕೆಟ್ಟೈತೇನು?" ಎಂದರು. "ಇಲ್ರೀ ಕಾಕಾ, ಕ್ರೌನ್ ಆಯಿಲ್ ಬದಲಿಸಾಕತ್ತೀನಿ." ಡಿಫರೆನ್ಷಿಯಲ್‌ಗೆ ಆಡುಮಾತಿನಲ್ಲಿ ಕ್ರೌನ್ ಅಂತಾರೆ. ಕಾಕಾ ಕೂಡಲೇ ಬಗ್ಗಿ ಕೇಳಿದರು, "ಮೊದಲ ಮ್ಯಾಲಿನ ಬೋಲ್ಟ್ ಬಿಚ್ಚಿದಿ ಹೌದಿಲ್ಲೋ?"

ಅನುಭವದ ಮಾತು ಅದು. ತುಂಬುವ ಪ್ಲಗ್ ಬಿಚ್ಚುತ್ತದೆ ಅಂತ ಖಾತ್ರಿ ಆಗುವ ತನಕ ಕೆಳಗಿನ ಡ್ರೈನ್ ಪ್ಲಗ್ ಮುಟ್ಟಬಾರದು. ಆಯಿಲ್ ಎಲ್ಲ ಸುರಿದು ಹೋದಮೇಲೆ ಮೇಲಿನದು ತುಕ್ಕು ಹಿಡಿದು ಕೂತಿದೆ ಅಂತ ಗೊತ್ತಾದರೆ ಗಾಡಿ ನಿಂತಲ್ಲೇ ನಿಲ್ಲುತ್ತದೆ.

ಅಂಗಡಿಯಲ್ಲಿ ಸುಮ್ನೆ 90 ನಂಬರ್ ಆಯಿಲ್ ಕೊಡಿ ಅನ್ನಬೇಡಿ. ಮ್ಯಾನ್ಯುಯಲ್‌ನಲ್ಲಿ ಯಾವ ಗ್ರೇಡ್, ಎಷ್ಟು ಲೀಟರ್ ಅಂತ ಇರುತ್ತದೆ. ನಾನು ಹಾಕುವುದು 80ಡಬ್ಲ್ಯೂ-90 (ಆಯಿಲ್ ಎಷ್ಟು ದಪ್ಪ ಅನ್ನುವ ಸಂಖ್ಯೆ), ಜಿಎಲ್-5 (ಒತ್ತಡ ತಡೆಯುವ ದರ್ಜೆ). ಡಿಫರೆನ್ಷಿಯಲ್‌ನ ಹಲ್ಲುಗಳು ಉರುಳುವುದರ ಜೊತೆಗೆ ಒಂದರ ಮೇಲೊಂದು ಜಾರುತ್ತಾ ಉಜ್ಜುತ್ತವೆ, ಆ ಒತ್ತಡ ತಡೆಯಲು ಜಿಎಲ್-5ರಲ್ಲಿ ಗಂಧಕ, ರಂಜಕದ ಅಂಶ ಜಾಸ್ತಿ. ಆ ಗಬ್ಬು ವಾಸನೆ ಗಂಧಕದ್ದೇ, ಕೈಗೆ ಹತ್ತಿದರೆ ಸೋಪಿಗೂ ಬೇಗ ಹೋಗಲ್ಲ. ಉಳಿಯಿತು ಅಂತ ಅದನ್ನೇ ಗೇರ್‌ಬಾಕ್ಸ್‌ಗೆ ಸುರಿಯಬೇಡಿ. ಜಿಎಲ್-4 ಕೇಳುವ ಗೇರ್‌ಬಾಕ್ಸ್‌ನಲ್ಲಿ ಗೇರ್ ಬದಲಿಸುವಾಗ ವೇಗ ಹೊಂದಿಸುವ ಹಿತ್ತಾಳೆಯ ಸಿಂಕ್ರೊ ರಿಂಗ್ ಇದ್ದರೆ ಅದನ್ನು ಇದು ತಿನ್ನಬಹುದು. ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ (ಒಂದೇ ಚಕ್ರ ಜಾರಿ ಸುತ್ತುವುದನ್ನು ತಡೆಯುವಂಥದ್ದು) ಇದ್ದವರು ಅದಕ್ಕೆ ಬೇಕಾದ ಆಯಿಲ್ ಬೇರೆ ಇದೆಯಾ ಅಂತ ಮ್ಯಾನ್ಯುಯಲ್‌ನಲ್ಲೇ ನೋಡಿ.

ತುಂಬುವಾಗ ಲೆಕ್ಕ ಇಡುವ ತಲೆನೋವಿಲ್ಲ. ಸಾಮಾನ್ಯವಾಗಿ ತೂತಿನ ಅಂಚಿಗೆ ಬಂದು ಹನಿಯಲು ಶುರುವಾದರೆ ಭರ್ತಿ ಆಯಿತು. ಪ್ಲಗ್‌ಗೆ ವಾಷರ್ ಇದ್ದರೆ ಹೊಸದೇ ಹಾಕಿ. ಹಳೆಯ ಆಯಿಲ್ ಗಟಾರಕ್ಕೆ ಚೆಲ್ಲಬೇಡಿ, ಡಬ್ಬಿಗೆ ತುಂಬಿ, ಹಳೆ ಆಯಿಲ್ ರೀಸೈಕಲ್‌ಗೆ ಕಳಿಸುವ ಗ್ಯಾರೇಜ್‌ಗೆ ಕೊಡಿ.

ಪಂಪಿನಲ್ಲಿ ಕೊರತೆ ಇಲ್ಲ ಅಂತಲ್ಲ. ಜೊತೆಗೆ ಬಂದ ಹೋಸ್ ಗಿಡ್ಡ, ಜೋರಾಗಿ ತಳ್ಳಿದರೆ ಕಳಚಿಕೊಳ್ಳುತ್ತದೆ. ಪಿಸ್ಟನ್ ಹಿಂದಿನಿಂದ ಸ್ವಲ್ಪ ಆಯಿಲ್ ಜಿನುಗಿ ಹಿಡಿ ಜಾರುತ್ತದೆ, ಒಂದು ಬಟ್ಟೆ ಸುತ್ತಿಕೊಳ್ಳಬೇಕು. ಕೊಳ್ಳುವಾಗ ಅಂಗಡಿಯಲ್ಲೇ ಹೋಸ್ ಬಾಯಿಯನ್ನು ಬೆರಳಿಂದ ಮುಚ್ಚಿ ಹಿಡಿ ಎಳೆದು ನೋಡಿ, ಬಿಟ್ಟಾಗ ವಾಪಸ್ ಒಳಕ್ಕೆ ಹೋದರೆ ಸೀಲ್ ಸರಿ ಇದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಎರಡಡಿ ಪಾರದರ್ಶಕ ಪೈಪು, ಒಂದು ಸ್ಕ್ರೂ ಕ್ಲಿಪ್ಪು ತಗೊಂಡು ಹಳೆ ಹೋಸ್ ಬದಲು ಹಾಕಿ. ಆಯಿಲ್ ಹೋಗುವುದು ಕಾಣುತ್ತದೆ, ಕಳಚುವುದೂ ಇಲ್ಲ.