ಶಾಲೆಯೋ ಮನೆಯೋ: ಹದಿಹರೆಯದವರ ಹೃದಯ ಸಮೀಕ್ಷೆಗೆ ಮಾದರಿ ಆಯ್ಕೆ

ಮುಂಬೈ ಕನ್ನಡಿಗರ ಮಕ್ಕಳಲ್ಲಿ ರಕ್ತದೊತ್ತಡ, ಬೊಜ್ಜು, ತಂಬಾಕು ಸೇವನೆ ಎಷ್ಟಿದೆ ಎಂದು ತಿಳಿಯಲು ಶಾಲೆಗಳಿಗೆ ಹೋಗಬೇಕೋ, ಮನೆಗಳಿಗೋ ಎಂದು ಕೇಳಿದ್ದೀರಿ.

ಖರ್ಚಿನಲ್ಲಿ ಶಾಲೆಯೇ ಮೇಲು. ಒಂದೇ ಕೋಣೆಯಲ್ಲಿ ಮಕ್ಕಳನ್ನು ಐದು ನಿಮಿಷ ಸುಮ್ಮನೆ ಕೂರಿಸಿ, ತೋಳಿನ ಅಳತೆಗೆ ತಕ್ಕ ಗಾಳಿಪಟ್ಟಿ (ಕಫ್) ಕಟ್ಟಿ ರಕ್ತದೊತ್ತಡ ನೋಡಬಹುದು. ಪಟ್ಟಿ ಚಿಕ್ಕದಾದರೆ ಒತ್ತಡ ಹೆಚ್ಚಾಗಿ ತೋರುತ್ತದೆ, ಎಚ್ಚರ.

ಮಾದರಿಯ ಗಾತ್ರದಲ್ಲಿ ಮಾತ್ರ ಶಾಲೆ ದುಬಾರಿ. ಒಂದೇ ತರಗತಿಯವರ ಊಟ, ಆಟ, ಅಭ್ಯಾಸಗಳು ಹೋಲುತ್ತವೆ; ಹಾಗಾಗಿ ಅಲ್ಲಿ ಪ್ರತಿ ಹೊಸ ಮಗುವಿನಿಂದ ಸಿಗುವ ಹೊಸ ಮಾಹಿತಿ ಕಡಿಮೆ. ಶೇ 50ರ ಪ್ರಮಾಣವನ್ನು ಐದು ಅಂಶ ಆಚೀಚೆಗೆ, ಶೇ 95 ವಿಶ್ವಾಸದಲ್ಲಿ ಅಂದಾಜಿಸಲು ಸರಳ ಯಾದೃಚ್ಛಿಕ ಮಾದರಿಗೆ (ಎಲ್ಲ ಮಕ್ಕಳ ಪಟ್ಟಿಯಿಂದ ಚೀಟಿ ಎತ್ತಿ ಒಬ್ಬೊಬ್ಬರನ್ನಾಗಿ ಆರಿಸಿದರೆ) ಸುಮಾರು 384 ಮಕ್ಕಳು ಸಾಕು. ತರಗತಿಗೆ 30 ಮಕ್ಕಳನ್ನು ತೆಗೆದುಕೊಂಡು ಅವರೊಳಗಿನ ಸಹಸಂಬಂಧ (ಒಂದೇ ತರಗತಿಯವರು ಎಷ್ಟು ಹೋಲುತ್ತಾರೆ ಎಂಬ ಅಳತೆ) 0.05 ಎಂದಿಟ್ಟರೆ 1 + (30 − 1) × 0.05 = 2.45 ಪಟ್ಟು, ಅಂದರೆ ಸುಮಾರು 941 ಮಕ್ಕಳು ಬೇಕು. ತರಗತಿಗೆ 10 ಮಕ್ಕಳೇ ಆದರೆ 557 ಸಾಕು. ಹಾಗಾಗಿ ಶಾಲೆಗಳನ್ನು ಹೆಚ್ಚಿಸಿ, ಪ್ರತಿ ತರಗತಿಯಿಂದ ಕಡಿಮೆ ಮಕ್ಕಳನ್ನು ಆರಿಸಿ. ಪಾಲಿಕೆಯ ಕನ್ನಡ ಶಾಲೆಗಳಿಗಷ್ಟೇ ಹೋಗಬೇಡಿ; ಇಂಗ್ಲಿಷ್ ಮಾಧ್ಯಮದ ಕನ್ನಡಿಗ ಮಕ್ಕಳು ಪೂರ್ತಿ ತಪ್ಪಿಹೋಗುತ್ತಾರೆ.

ಮನೆಗೆ ಹೋದರೆ ಶಾಲೆ ಬಿಟ್ಟು ಹೋಟೆಲಿನಲ್ಲಿ ದುಡಿಯುವ ಹುಡುಗನೂ ಸಿಗುತ್ತಾನೆ. ನನಗೆ ಅವನೇ ಮುಖ್ಯ ಎನಿಸುತ್ತದೆ. ಹೆತ್ತವರ ಸಕ್ಕರೆ ಕಾಯಿಲೆಯ ವಿವರವೂ ಅಲ್ಲೇ ದೊರೆಯುತ್ತದೆ. ಆದರೆ ಧಾರಾವಿಯಿಂದ ಡೊಂಬಿವಲಿವರೆಗೆ ಚದುರಿದ ಕನ್ನಡ ಮನೆಗಳ ಪಟ್ಟಿ ಸಿದ್ಧಪಡಿಸುವುದೇ ದೊಡ್ಡ ಕೆಲಸ. ಕನ್ನಡ ಸಂಘದ ಸದಸ್ಯರ ಪಟ್ಟಿಯನ್ನೇ ನಂಬಿದರೆ ಸದಸ್ಯರಲ್ಲದವರು ಹೊರಗುಳಿಯುತ್ತಾರೆ. ಒಂದೇ ಕೋಣೆಯ ಮನೆಯಲ್ಲಿ, ತಾಯಿಯ ಎದುರು, ಗುಟ್ಕಾದ ಬಗ್ಗೆ ಯಾವ ಹುಡುಗ ನಿಜ ಹೇಳುತ್ತಾನೆ?

ಶಾಲಾ ಆರೋಗ್ಯ ಕಾರ್ಯಕ್ರಮಕ್ಕಾಗಿ ಅಧ್ಯಯನವಾದರೆ ಶಾಲೆ ಸಾಕು. ಶಾಲೆ ಬಿಟ್ಟವರನ್ನೂ ಲೆಕ್ಕಕ್ಕೆ ತರಬೇಕಿದ್ದರೆ ಮನೆಯೇ ದಾರಿ. ಹಣ ಕಡಿಮೆಯಿದ್ದರೆ ವಾರ್ಡುಗಳನ್ನು ತಗ್ಗಿಸಿ, ಮನೆಗಳ ಆಯ್ಕೆಯನ್ನು ಮಾತ್ರ ಚೀಟಿ ಎತ್ತಿಯೇ ಮಾಡಿ.