9000 ಲೂಮೆನ್ಸ್ ಎಂದು ನಂಬಿಸಿದವನ ಪ್ರೊಜೆಕ್ಟರ್ ತಂದು ಬೀದಿಯವರೆದುರು ತಲೆ ತಗ್ಗಿಸಿದೆ

ಸಿಟ್ಟು ಇನ್ನೂ ಇಳಿದಿಲ್ಲ. ಬರಹ ಹಿಂದುಮುಂದಾದರೆ ಹೊಂದಿಸಿಕೊಂಡು ಓದಿ. ಮೊನ್ನೆ ಭಾನುವಾರ, 2023ರ ನವೆಂಬರ್ 19ರ ಕ್ರಿಕೆಟ್ ವಿಶ್ವಕಪ್ ಫೈನಲ್ಲಿಗೆ ಶಿವಮೊಗ್ಗದ ನಮ್ಮ ಬೀದಿಯಲ್ಲಿ ದೊಡ್ಡ ಪರದೆ ಹಾಕಿಸಿದೆವು. ಹಾಕಿಸಿದೆವು ಎಂದರೆ ಹಾಕಿಸಿದವನು ನಾನು. 42 ಮನೆಗಳ ಬಾಗಿಲು ತಟ್ಟಿ ತಲಾ 200 ರೂಪಾಯಿ ಎತ್ತಿದವನು ನಾನು. ‘ಮನೆಯ ಟಿ.ವಿ.ಯಲ್ಲಿ ಏನಿದೆ, ಇಲ್ಲಿ ಬನ್ನಿ, ಸ್ಟೇಡಿಯಂನಲ್ಲಿ ಕೂತ ಹಾಗೆಯೇ ಇರುತ್ತದೆ’ ಎಂದು ಕೊಚ್ಚಿಕೊಂಡವನೂ ನಾನೇ. ಈಗ ಹಾಲು ತರಲು ಹೋದರೂ ಬೀದಿಯ ಆ ತುದಿಯಿಂದ ಸುತ್ತು ಹಾಕಿ ಹೋಗುತ್ತಿದ್ದೇನೆ.

ಪ್ರೊಜೆಕ್ಟರ್ ಬಾಡಿಗೆಗೆ ಕೊಟ್ಟವನ ಹೆಸರು ಬರೆಯುವುದಿಲ್ಲ. ಊರಿನಲ್ಲಿ ಸೌಂಡ್ಸ್, ಲೈಟಿಂಗ್ಸ್, ಮದುವೆ ಮನೆಗೆ ಎಲ್‌ಇಡಿ ಗೋಡೆ, ಇವೆಲ್ಲ ಮಾಡಿಸುವ ಅಂಗಡಿ. ‘ಅವನು’ ಎಂದೇ ಬರೆಯುತ್ತೇನೆ. ಬಹುವಚನ ಕೊಡುವಷ್ಟು ತಾಳ್ಮೆ ನನ್ನಲ್ಲಿ ಉಳಿದಿಲ್ಲ.

ಗುರುವಾರ ಅಂಗಡಿಗೆ ಹೋದೆ. ಮ್ಯಾಚ್ ಮಧ್ಯಾಹ್ನ ಎರಡಕ್ಕೆ ಶುರುವಾಗುತ್ತದೆ, ನಮ್ಮದು ಬೀದಿಯಲ್ಲಿ ಹಾಕುವ ಶಾಮಿಯಾನ, ಮೂರು ಕಡೆ ತೆರೆದಿರುತ್ತದೆ, ಬೆಳಕಿನಲ್ಲಿ ಕಾಣಿಸುತ್ತದೆಯೇ ಎಂದು ಬಾಯಿಬಿಟ್ಟು ಕೇಳಿದೆ. ಕೇಳಲಿಲ್ಲ ಎಂದು ನಾಳೆ ಯಾರೂ ಹೇಳಬಾರದು, ಎರಡು ಸಲ ಕೇಳಿದೆ. ‘9000 ಲೂಮೆನ್ಸ್ ಸಾರ್. ಬಿಸಿಲಿಗೇ ಸವಾಲು ಹಾಕುವ ಮೆಷಿನ್. ಬನ್ನಿ ತೋರಿಸುತ್ತೇನೆ’ ಎಂದ. ಲೂಮೆನ್ಸ್ ಎಂದರೆ ಪ್ರೊಜೆಕ್ಟರ್ ಚೆಲ್ಲುವ ಬೆಳಕಿನ ಅಳತೆ. ಒಳಗೆ ಕರೆದುಕೊಂಡು ಹೋಗಿ, ಹುಡುಗನಿಗೆ ಹೇಳಿ ಶಟರನ್ನು ಮುಕ್ಕಾಲು ಇಳಿಸಿದ, ಟ್ಯೂಬ್‌ಲೈಟ್ ಆರಿಸಿದ. ಗೋಡೆಯ ಮೇಲೆ ನಾಲ್ಕು ಅಡಿ ಅಗಲ, ಮೂರು ಅಡಿ ಎತ್ತರದ ಚಿತ್ರ. ಲ್ಯಾಪ್‌ಟಾಪಿನಿಂದ ಯಾವುದೋ ಜಲಪಾತದ ವಿಡಿಯೊ. ನೀರಿನ ಹನಿಹನಿ ಕಾಣಿಸುತ್ತಿತ್ತು. ನಾನು ಬೆರಗಾಗಿ ನಿಂತೆ.

ಬಿಸಿಲಿಗೆ ಸವಾಲು ಹಾಕುವ ಯಂತ್ರವನ್ನು ತೋರಿಸಲು ಶಟರ್ ಯಾಕೆ ಇಳಿಸಬೇಕು? ಈ ಪ್ರಶ್ನೆ ನನಗೆ ಹೊಳೆದದ್ದು ಭಾನುವಾರ ಸಂಜೆ. ಗುರುವಾರ ಹೊಳೆದಿದ್ದರೆ ಇದನ್ನು ಬರೆಯುವ ಕೆಲಸವೇ ಇರುತ್ತಿರಲಿಲ್ಲ.

ಬಾಡಿಗೆ 6,500 ಎಂದ. 3,000 ಅಡ್ವಾನ್ಸ್ ಅಲ್ಲೇ ನಿಂತು ಫೋನಿನಲ್ಲಿ ಹಾಕಿದೆ. ರಸೀದಿ ಕೇಳಿದರೆ ‘ನಿಮ್ಮ ಫೋನಿನಲ್ಲೇ ಇದೆಯಲ್ಲ ಸಾರ್’ ಎಂದು ನಕ್ಕ. ನಾನೂ ನಕ್ಕೆ.

ಭಾನುವಾರ ಹನ್ನೆರಡಕ್ಕೆ ಬರುತ್ತೇನೆ ಎಂದವನು ಬಂದಾಗ ಒಂದೂಕಾಲು. ಹತ್ತು ಅಡಿಗೆ ಎಂಟು ಅಡಿಯ ಪರದೆ ಕಟ್ಟಿದರು. ಪ್ರೊಜೆಕ್ಟರನ್ನು ಪ್ಲಾಸ್ಟಿಕ್ ಕುರ್ಚಿಯ ಮೇಲೆ, ಅದರಡಿ ಎರಡು ಇಟ್ಟಿಗೆ ಕೊಟ್ಟು, ಪರದೆಗೆ ಓರೆಯಾಗಿ ಇಟ್ಟರು. ಚಿತ್ರ ಓರೆಯಾಗಿಯೇ ಬಿತ್ತು. ಕುರ್ಚಿ ಸರಿಸುವ ಬದಲು ರಿಮೋಟಿನಲ್ಲಿ ಕೀಸ್ಟೋನ್ ಒತ್ತಿ, ಒತ್ತಿ, ಒತ್ತಿ ಕೊನೆಯ ಅಂಕಿಯವರೆಗೆ ತಳ್ಳಿದ. ಚೌಕ ಸರಿಯಾಯಿತು, ಹೌದು. ಆದರೆ ಕೀಸ್ಟೋನ್ ಎಂದರೆ ಯಂತ್ರ ತನ್ನ ಚಿತ್ರವನ್ನೇ ಒಂದು ಕಡೆ ಹಿಂಡಿ ಸಣ್ಣದು ಮಾಡಿಕೊಳ್ಳುವುದು. ಹಿಂಡಿದಷ್ಟೂ ಬೆಳಕು ಪೋಲು, ಅಕ್ಷರ ಮಸುಕು. ಇದೆಲ್ಲ ನಾನು ಆಮೇಲೆ ರಾತ್ರಿಯೆಲ್ಲ ಕೂತು ತಿಳಿದುಕೊಂಡದ್ದು. ಆಗ ಮಾತ್ರ ‘ಆಹಾ, ಎಷ್ಟು ಚುರುಕು ಕೈ’ ಎಂದುಕೊಂಡೆ.

ನಮ್ಮ ಮನೆಯ ಸೆಟ್‌ಟಾಪ್ ಬಾಕ್ಸನ್ನು ಜಗುಲಿಯಲ್ಲಿಟ್ಟು ಅಲ್ಲಿಂದ ಪ್ರೊಜೆಕ್ಟರಿಗೆ ಚಿತ್ರ ಸಾಗಿಸುವ 15 ಮೀಟರಿನ ಎಚ್‌ಡಿಎಂಐ ಕೇಬಲ್ ಎಳೆದ. ಈ ಕೇಬಲ್ ಬಾಡಿಗೆಯಲ್ಲಿ ಸೇರಿಲ್ಲ, ಇದಕ್ಕೆ ಬೇರೆ 1,200 ಎಂದು ಆಗ ಹೇಳಿದ. ಟಾಸ್ ಮುಗಿದಿದೆ, ಎಪ್ಪತ್ತು ಜನ ಕೂತಿದ್ದಾರೆ, ಮಂಡಕ್ಕಿ ಹಂಚಿ ಆಗಿದೆ. ಆಗ ಚೌಕಾಸಿ ಮಾಡಲು ಯಾರಿಗೆ ಬಾಯಿ ಬರುತ್ತದೆ? ಹೂಂ ಎಂದೆ.

ಪರದೆಯ ಮೇಲೆ ನೀಲಿ. ನಡುವೆ ‘ನೋ ಸಿಗ್ನಲ್’.

ರಿಮೋಟಿನ ಸೋರ್ಸ್ ಗುಂಡಿ ಒತ್ತಿದ. ಎಚ್‌ಡಿಎಂಐ, ವಿಜಿಎ, ವಿಡಿಯೊ, ಮತ್ತೆ ಎಚ್‌ಡಿಎಂಐ. ನೀಲಿ. ಕೇಬಲ್ ಕಿತ್ತು ಚುಚ್ಚಿದ. ಒಂದು ಕ್ಷಣ ಚಿತ್ರ ಮಿಂಚಿ, ಮೇಲೆಲ್ಲ ಮಿಣಿಮಿಣಿ ಚುಕ್ಕೆ ಹಾರಿ, ಮತ್ತೆ ನೀಲಿ. ಎರಡು ಗಂಟೆ ಆಯಿತು. ಆಚೆ ಬೀದಿಯ ಮನೆಗಳಿಂದ ಕೂಗು ಕೇಳಿಸುತ್ತಿದೆ, ರೋಹಿತ್ ಬಾರಿಸುತ್ತಿದ್ದಾರೆ ಎಂದು ಕಿವಿಗೆ ಗೊತ್ತಾಗುತ್ತಿದೆ. ನಮ್ಮಲ್ಲಿ ನೀಲಿ. ‘ಸಾರ್, ನಿಮ್ಮ ಬಾಕ್ಸ್ ಕೆಟ್ಟಿದೆ’ ಎಂದ. ಬೆಳಿಗ್ಗೆ ಅದೇ ಬಾಕ್ಸಿನಲ್ಲಿ ನನ್ನ ತಾಯಿ ಭಜನೆ ಕೇಳಿದ್ದಾರೆ! ಹಾಗೆಂದರೆ ‘ಭಜನೆ ಬೇರೆ, ಮ್ಯಾಚ್ ಬೇರೆ ಸಾರ್’ ಎಂದ. ದೇವರಾಣೆಗೂ ಹೀಗೆಯೇ ಹೇಳಿದ.

ಆಮೇಲೆ ಚೀಲದಿಂದ ಒಂದು ಪುಟ್ಟ ಡಬ್ಬಿ ತೆಗೆದ, ಎಚ್‌ಡಿಎಂಐಯನ್ನು ವಿಜಿಎಗೆ ಬದಲಿಸುವಂಥದ್ದು. ಅದನ್ನು ಹಾಕಿದರೆ ನೀಲಿ ಹೋಗಿ ಕಪ್ಪು ಬಂತು. ಅಷ್ಟೇ ಪ್ರಗತಿ. ಸೆಟ್‌ಟಾಪ್ ಬಾಕ್ಸಿನಿಂದ ಹೊರಡುವ ಸಿಗ್ನಲ್ಲಿಗೆ ನಕಲು ತಡೆಯುವ ಬೀಗ ಇರುತ್ತದೆ, ಎಚ್‌ಡಿಸಿಪಿ ಎನ್ನುತ್ತಾರೆ. ಈ ತುದಿಯ ಯಂತ್ರ ಆ ಬೀಗಕ್ಕೆ ಸರಿಯಾದ ಉತ್ತರ ಕೊಟ್ಟರೆ ಮಾತ್ರ ಬಾಕ್ಸ್ ಚಿತ್ರ ಬಿಡುತ್ತದೆ. ವಿಜಿಎ ಹಳೆಯ ದಾರಿ, ಅದರಲ್ಲಿ ಈ ಪ್ರಶ್ನೋತ್ತರಕ್ಕೆ ಜಾಗವೇ ಇಲ್ಲ. ವಾರಕ್ಕೆ ನಾಲ್ಕು ಕಡೆ ಪರದೆ ಕಟ್ಟುವವನಿಗೆ ಇದು ಗೊತ್ತಿರಬೇಕೋ, ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವ ನನಗೆ ಗೊತ್ತಿರಬೇಕೋ?

ಕೊನೆಗೆ ಕೆಂಪು, ಬಿಳಿ, ಹಳದಿ ತಂತಿ ಹಾಕಿದ. ಚಿತ್ರ ಬಂತು! ಜನ ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ರೋಹಿತ್ 47ಕ್ಕೆ ಔಟಾಗಿ ಹೋಗಿದ್ದರು. ಆಸ್ಟ್ರೇಲಿಯಾದ ಟ್ರಾವಿಸ್ ಹೆಡ್ ಹಿಂದಕ್ಕೆ ಓಡಿ ಹಿಡಿದ ಆ ಕ್ಯಾಚನ್ನು ನಮ್ಮ ಬೀದಿ ನೋಡಲಿಲ್ಲ. ಚಿತ್ರ ಬಂತು ಎಂದೆನಲ್ಲ, ಬಂದದ್ದು ಏನು? ಬಿಳಿ ಬಟ್ಟೆಯ ಮೇಲೆ ತೆಳ್ಳಗಿನ ಮಜ್ಜಿಗೆ ಚೆಲ್ಲಿದ ಹಾಗೆ. ಮನುಷ್ಯರಿದ್ದಾರೆ ಎಂದು ಗೊತ್ತಾಗುತ್ತದೆ, ಯಾರು ಎಂದು ಗೊತ್ತಾಗುವುದಿಲ್ಲ. ಸ್ಕೋರ್ ಓದಲು ಮುಂದಿನ ಸಾಲಿನ ಮಕ್ಕಳೇ ಬೇಕು. ಅಗಲದ ಚಿತ್ರವನ್ನು ಚೌಕಕ್ಕೆ ಹಿಂಡಿದ್ದರಿಂದ ಆಟಗಾರರೆಲ್ಲ ಸಣಕಲಾಗಿ ಉದ್ದಕ್ಕೆ ಬೆಳೆದಿದ್ದಾರೆ. ಹಿಂದಿನ ಸಾಲಿನಲ್ಲಿದ್ದ ಮೇಷ್ಟ್ರು, ನಿವೃತ್ತರು, ಬೀದಿಗೆಲ್ಲ ಹಿರಿಯರು, ಮೆಲ್ಲಗೆ ಕೇಳಿದರು: ‘ಏನಪ್ಪಾ ಖಜಾಂಚಿ, ಅಹಮದಾಬಾದಿನಲ್ಲಿ ಇವತ್ತು ಮಂಜು ಬಿದ್ದಿದೆಯೇ?’ ಎಲ್ಲರೂ ನಕ್ಕರು. ನಾನು ಕಾಫಿ ಕೆಟಲ್ ನೋಡುವ ನೆಪದಲ್ಲಿ ಒಳಗೆ ಹೋದೆ.

ಅವನನ್ನು ಕೇಳಿದರೆ ‘ಸೆಟ್ಟಿಂಗ್ ಮಾಡುತ್ತೇನೆ ಸಾರ್’ ಎಂದ. ಮೆನು ತೆಗೆದು ಬ್ರೈಟ್‌ನೆಸ್ 100ಕ್ಕೆ ಏರಿಸಿದ. ಇನ್ನಷ್ಟು ಬೆಳ್ಳಗಾಯಿತು. ಬ್ರೈಟ್‌ನೆಸ್ ಎಂಬುದು ದೀಪದ ಬೆಳಕು ಹೆಚ್ಚಿಸುವ ಗುಂಡಿ ಅಲ್ಲವೇ ಅಲ್ಲ. ಕಪ್ಪು ಎಷ್ಟು ಕಪ್ಪಗಿರಬೇಕು ಎಂದು ತೀರ್ಮಾನಿಸುವುದು ಅದು. ಏರಿಸಿದಷ್ಟೂ ಕಪ್ಪು ಬೂದು ಬಣ್ಣವಾಗುತ್ತದೆ. ಬಿಳಿಯ ಕಡೆ ನೋಡಿಕೊಳ್ಳುವುದು ಕಾಂಟ್ರಾಸ್ಟ್. ಅದನ್ನೂ 100 ಮಾಡಿದ. ಮೋಡಗಳು, ಅಂಪೈರ್ ಟೋಪಿ, ಚೆಂಡು ಎಲ್ಲ ಒಂದೇ ಬಿಳಿ ಆಯಿತು. ಬಣ್ಣವನ್ನೂ ಏರಿಸಿದ. ಹುಲ್ಲು ಗಿಳಿಹಸಿರಾಯಿತು. ಈ ಸೇವೆಗೆ ‘ಸೆಟ್ಟಿಂಗ್ ಚಾರ್ಜ್’ 800 ರೂಪಾಯಿ. ಕೊಟ್ಟೆ. ಹೌದು, ಕೊಟ್ಟೆ. ಇಲ್ಲದಿದ್ದರೆ ಸಾಮಾನು ಎತ್ತಿಕೊಂಡು ಹೋಗುತ್ತೇನೆ ಎಂದಿದ್ದ. ಒಟ್ಟು 8,500. ಎತ್ತಿದ್ದು 8,400. ನನ್ನ ಕೈಯಿಂದ 100.

ಕೊಹ್ಲಿಯ 54 ಹೀಗೇ ಹೋಯಿತು. ನಮ್ಮ ರಾಹುಲ್ 107 ಎಸೆತ ನಿಂತು 66 ಮಾಡಿದರಲ್ಲ, ಕರ್ನಾಟಕದ ಹುಡುಗ, ಅದನ್ನು ನೋಡಬೇಕೆಂದೇ ಎಷ್ಟೋ ಜನ ಬಂದಿದ್ದರು. ಅದೂ ಹೀಗೇ ಹೋಯಿತು. ಅರ್ಧ ಕುರ್ಚಿ ಖಾಲಿ. ಉಳಿದವರಲ್ಲಿ ಅರ್ಧ ಜನ ದೊಡ್ಡ ಪರದೆಯ ಎದುರು ಕೂತು ಕೈಯಲ್ಲಿನ ಮೊಬೈಲಿನಲ್ಲಿ ಅದೇ ಮ್ಯಾಚ್ ನೋಡುತ್ತಿದ್ದರು. ಆ ದೃಶ್ಯವನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ.

ಎದುರು ಮನೆಯ ಹುಡುಗಿ, ಡಿಪ್ಲೊಮಾ ಎರಡನೇ ವರ್ಷ, ಇನಿಂಗ್ಸ್ ಮುಗಿದ ಮೇಲೆ ಬಂದು ‘ಅಂಕಲ್, ನಾನೊಮ್ಮೆ ನೋಡಲೇ?’ ಎಂದಳು. ಅವನು ಊಟಕ್ಕೆ ಹೋಗಿದ್ದ. ಅವಳು ಮೊದಲು ಬಾಕ್ಸನ್ನು ಒಳಗೆ ಒಯ್ದು ನಮ್ಮ ಟಿ.ವಿ.ಗೆ ಹಾಕಿ, ಅದರ ಔಟ್‌ಪುಟ್ಟನ್ನು 1080ಪಿ ಎಂಬ ಹೆಚ್ಚು ಚುಕ್ಕೆಗಳ ಚಿತ್ರದಿಂದ 720ಪಿ ಎಂಬ ಕಡಿಮೆ ಚುಕ್ಕೆಗಳ ಚಿತ್ರಕ್ಕೆ ಇಳಿಸಿದಳು. ತೆಳ್ಳಗಿನ ಉದ್ದ ಕೇಬಲ್ ಅಷ್ಟು ಭಾರ ಹೊರುವುದಿಲ್ಲ ಅಂಕಲ್, ಅರ್ಧ ಇಳಿಸಿದರೆ ಹೊರಬಹುದು ಎಂದಳು. ಹೊತ್ತಿತು! ಅದೇ ಕೇಬಲ್, ‘ಕೆಟ್ಟುಹೋದ’ ಅದೇ ಬಾಕ್ಸ್. ಕುರ್ಚಿಯನ್ನು ಪರದೆಗೆ ನೇರ ಮಾಡಿ ಕೀಸ್ಟೋನನ್ನು ಸೊನ್ನೆಗೆ ತಂದಳು. ಅವನು ತಿರುಚಿದ್ದನ್ನೆಲ್ಲ ರೀಸೆಟ್ ಒತ್ತಿ ಅಳಿಸಿದಳು. ಚಿತ್ರದ ಅಗಲ-ಎತ್ತರದ ಅನುಪಾತವನ್ನು 16:9 ಮಾಡಿದಳು.

ಆಮೇಲೆ ಮೆನುವಿನಲ್ಲಿ ಏನೋ ನೋಡಿ ಸುಮ್ಮನಾದಳು. ನನ್ನನ್ನು ಕರೆದು ತೋರಿಸಿದಳು. ಲ್ಯಾಂಪ್ ಮೋಡ್: ಇಕೋ. ಇದೇ, ಇದೇ ನನಗೆ ಬೆಂಕಿ ಹಚ್ಚಿದ್ದು. ಮಟಮಟ ಮಧ್ಯಾಹ್ನ, ಎಪ್ಪತ್ತು ಜನ ಕಣ್ಣು ಕಿರಿದು ಮಾಡಿಕೊಂಡು ನೋಡುತ್ತಿರುವಾಗ, ಅವನು ತನ್ನ ಲ್ಯಾಂಪ್ ಸವೆಯದಿರಲಿ ಎಂದು ದೀಪವನ್ನು ತಗ್ಗಿಸಿ ಇಟ್ಟಿದ್ದ! ಬ್ರೈಟ್‌ನೆಸ್ ಏರಿಸುವ ನಾಟಕ ಮಾಡಿ 800 ತೆಗೆದುಕೊಂಡವನು ಇದೊಂದನ್ನು ಮಾತ್ರ ಮುಟ್ಟಿರಲಿಲ್ಲ. ಕೆಳಗಿನ ಮಾಹಿತಿ ಪುಟದಲ್ಲಿ ಲ್ಯಾಂಪ್ ಉರಿದ ಗಂಟೆ 5,100. ಯಂತ್ರದ ಅಡಿಯ ಚೀಟಿಯಲ್ಲಿದ್ದ ಮಾದರಿ ಸಂಖ್ಯೆಯನ್ನು ಮೊಬೈಲಿನಲ್ಲಿ ಹುಡುಕಿದರೆ: ಕಚೇರಿ ಕೊಠಡಿಯ ಹಳೆಯ ಪ್ರೊಜೆಕ್ಟರ್, 1024x768, ಹೊಸದಿದ್ದಾಗ 2,600 ಲೂಮೆನ್ಸ್.

ಎರಡು ಸಾವಿರದ ಆರುನೂರು. ಒಂಬತ್ತು ಸಾವಿರ ಅಲ್ಲ.

ಊಟ ಮುಗಿಸಿ ಬಂದವನಿಗೆ ತೋರಿಸಿದೆ. ‘ಇಕೋ ಯಾಕೆ?’ ಎಂದರೆ ‘ಲ್ಯಾಂಪಿಗೆ ಒಳ್ಳೆಯದು ಸಾರ್’. ‘5,100 ಗಂಟೆ?’ ಎಂದರೆ ‘ಮೀಟರ್ ಕೆಟ್ಟಿದೆ ಸಾರ್’. ನನ್ನ ಬಾಕ್ಸ್ ಕೆಟ್ಟಿದೆ, ಅವನ ಮೀಟರ್ ಕೆಟ್ಟಿದೆ, ಅವನ ಬಾಯಿ ಮಾತ್ರ ಚೆನ್ನಾಗಿದೆ. ‘2,600ನ್ನು 9000 ಎಂದೆಯಲ್ಲ?’ ಎಂದರೆ ‘ನಾನು ಹೇಳಿದ್ದು ಲ್ಯಾಂಪಿನ ಶಕ್ತಿ ಸಾರ್, ನೀವು ಪರದೆಯದ್ದು ಎಂದುಕೊಂಡಿದ್ದೀರಿ’.

ಆ ರಾತ್ರಿ ಲೆಕ್ಕ ಹಾಕಿದೆ, ಲೆಕ್ಕವೊಂದಾದರೂ ನನಗೆ ಬರುತ್ತದೆ. ಲ್ಯಾಂಪಿನ ಆಯಸ್ಸು ಇಷ್ಟು ಗಂಟೆ ಎಂದು ಬರೆಯುತ್ತಾರಲ್ಲ, ಅದು ಬೆಳಕು ಅರ್ಧಕ್ಕೆ ಇಳಿಯುವವರೆಗಿನ ಆಯಸ್ಸು. ಹಳೆಯ ಲ್ಯಾಂಪ್, ಮೇಲೆ ಇಕೋ: ಸಾವಿರ ಲೂಮೆನ್ಸ್ ಉಳಿದಿದ್ದರೆ ಪುಣ್ಯ. ನಮ್ಮ ಪರದೆ 80 ಚದರ ಅಡಿ, ಅಂದರೆ ಸುಮಾರು 7.4 ಚದರ ಮೀಟರ್. ಹಂಚಿದರೆ ಬಟ್ಟೆಯ ಮೇಲೆ ಬೀಳುವುದು ಚದರ ಮೀಟರಿಗೆ 135 ಲೂಮೆನ್ಸ್, ಅಂದರೆ 135 ಲಕ್ಸ್. ಹಗಲಿನಲ್ಲಿ ನೆರಳಿನಲ್ಲೂ ಸಾವಿರಾರು ಲಕ್ಸ್ ಬೆಳಕು ಇರುತ್ತದೆ. ಅವನ 9000 ನಿಜವೇ ಆಗಿದ್ದರೂ ಸುಮಾರು 1,200 ಲಕ್ಸ್, ಆಗಲೂ ಸೋಲೇ. ಪ್ರೊಜೆಕ್ಟರಿಗೆ ಕಪ್ಪು ಬಣ್ಣ ಎಸೆಯಲು ಬರುವುದಿಲ್ಲ, ಪರದೆ ತಾನಾಗಿ ಎಷ್ಟು ಕಪ್ಪಗಿದೆಯೋ ಅಷ್ಟೇ ಕಪ್ಪು. ಮಧ್ಯಾಹ್ನ ಬೀದಿಯಲ್ಲಿ ಕಟ್ಟಿದ ಬಿಳಿ ಬಟ್ಟೆ ಎಷ್ಟು ಕಪ್ಪಗಿರುತ್ತದೆ, ನೀವೇ ಹೇಳಿ. ಅಂಗಡಿಯ 12 ಚದರ ಅಡಿ ಗೋಡೆಯ ಬೆಳಕನ್ನು ಆರೇಳು ಪಟ್ಟು ದೊಡ್ಡ ಬಟ್ಟೆಗೆ ಬಳಿದರೆ ಏನಾಗುತ್ತದೆ ಎಂದು ಹತ್ತನೇ ತರಗತಿಯ ಹುಡುಗನೂ ಹೇಳುತ್ತಾನೆ. ನಾನು ಜಲಪಾತ ನೋಡುತ್ತ ನಿಂತಿದ್ದೆ.

ಕತ್ತಲಾಯಿತು. ಹುಡುಗಿಯ ಸೆಟ್ಟಿಂಗಿನಲ್ಲಿ ಚಿತ್ರ ನಿಜಕ್ಕೂ ಚೆನ್ನಾಗಿ ಬಂತು. ಮೊಬೈಲಿನವರು ತಲೆ ಎತ್ತಿದರು, ಮನೆಗೆ ಹೋದವರು ಮರಳಿದರು. ಆಸ್ಟ್ರೇಲಿಯಾ 47ಕ್ಕೆ 3 ಆದಾಗ ನಾನೂ ಕುಣಿದೆ. ಆಮೇಲೆ ಟ್ರಾವಿಸ್ ಹೆಡ್‌ನ 137 ರನ್ನನ್ನು ಒಂದೊಂದಾಗಿ, ಸ್ವಚ್ಛವಾಗಿ, ಹತ್ತು ಅಡಿ ಅಗಲದಲ್ಲಿ ನೋಡಿದೆವು. ನಮ್ಮವರ ಬ್ಯಾಟಿಂಗ್ ಕಾಣಲಿಲ್ಲ, ಅವನದ್ದು ಕಂಡಿತು. ‘ದುಡ್ಡು ವಸೂಲಾಯಿತು’ ಎಂದರು ಮೇಷ್ಟ್ರು.

ಬಾಡಿಗೆಗೆ ತರಲೇಬೇಕೆಂದಿದ್ದರೆ ಕತ್ತಲಾದ ಮೇಲಿನ ಕಾರ್ಯಕ್ರಮಕ್ಕೆ ತನ್ನಿ, ಹಗಲಿಗೆ ದೊಡ್ಡ ಟಿ.ವಿ. ಎರಡು ಇಡಿ. ಲೂಮೆನ್ಸ್ ಎಂದರೆ ಎಎನ್‌ಎಸ್‌ಐ ಲೂಮೆನ್ಸ್ ಎಷ್ಟು ಎಂದು ಕೇಳಿ, ಅದು ಪರದೆಯ ಮೇಲೆ ಒಂಬತ್ತು ಕಡೆ ಅಳೆದು ಹೇಳುವ ಲೆಕ್ಕ. ಬಾಯಿಮಾತು ಬೇಡ, ಮಾದರಿ ಸಂಖ್ಯೆ ಬರೆಸಿಕೊಳ್ಳಿ, ಲ್ಯಾಂಪ್ ಗಂಟೆ ತೋರಿಸಲು ಹೇಳಿ. ನಿಮ್ಮದೇ ಬಾಕ್ಸು, ಅವರದೇ ಕೇಬಲ್ಲು, ಹಿಂದಿನ ದಿನವೇ ಜೋಡಿಸಿ ನೋಡಿ. ಶಟರ್ ಇಳಿಸಿದರೆ ಅಲ್ಲಿಂದಲೇ ಹೊರಟುಬಿಡಿ.

ಸೋಮವಾರ ಬೆಳಿಗ್ಗೆ ಅವನಿಗೆ ವಾಟ್ಸ್ಆ್ಯಪ್ ಮಾಡಿದೆ. ಕೇಬಲ್ ಮತ್ತು ಸೆಟ್ಟಿಂಗಿನ 2,000 ವಾಪಸ್ ಕೊಡಿ, ಉಳಿದದ್ದು ಬಿಟ್ಟೆ ಎಂದು ಮರ್ಯಾದೆಯಿಂದಲೇ ಬರೆದೆ. ಸಂಜೆಯವರೆಗೆ ಎರಡು ನೀಲಿ ಗೆರೆ, ಉತ್ತರವಿಲ್ಲ. ರಾತ್ರಿ ಬಂತು: ‘ಭಾರತ ಸೋತ ಸಿಟ್ಟನ್ನು ನನ್ನ ಮೇಲೆ ತೀರಿಸಿಕೊಳ್ಳಬೇಡಿ ಸಾರ್. ನಮಗೂ ಬೇಜಾರಾಗಿದೆ.’ ಕೊನೆಗೆ ಕೈಮುಗಿಯುವ ಚಿತ್ರ ಬೇರೆ.

ಇವತ್ತು ಬೆಳಿಗ್ಗೆ ಇನ್ನೊಂದು ಬಂದಿದೆ. ‘ಡಿಸೆಂಬರ್ 31ರ ರಾತ್ರಿಗೆ ಪರದೆ, ಪ್ರೊಜೆಕ್ಟರ್, ಡಿ.ಜೆ. ಹಳೆಯ ಗ್ರಾಹಕರಿಗೆ ವಿಶೇಷ ರಿಯಾಯಿತಿ. 12000 ಲೂಮೆನ್ಸ್.’