ಎಚೆವೇರಿಯಾ, ಕಾಡುಬಸಳೆ, ಲೋಳೆಸರ, ಅಡೇನಿಯಂ: ಕಲಬುರಗಿಯ ಅಂಗಳದಲ್ಲಿ ಒಂದು ಹೋಲಿಕೆ

ಕಡಿಮೆ ನೀರಿನಲ್ಲಿ ಬದುಕುವ ಸಕ್ಯುಲೆಂಟ್ ಗಿಡಗಳೆಲ್ಲವೂ ಕಲಬುರಗಿಯ ಬಿಸಿಲಿಗೆ ಹೇಳಿ ಮಾಡಿಸಿದಂಥವು ಎಂಬ ನಂಬಿಕೆಯಿಂದ ಅನೇಕರು ನರ್ಸರಿಯಲ್ಲಿ ಮೊದಲು ಕೊಳ್ಳುವುದು ಗುಲಾಬಿ ಹೂವಿನಂತೆ ಎಲೆ ಜೋಡಿಸಿಕೊಂಡ ಎಚೆವೇರಿಯಾವನ್ನು. ನಮ್ಮ ಮನೆಯ ಅಂಗಳದಲ್ಲಿ ಅದರ ಜೊತೆಗೆ ಕಾಡುಬಸಳೆ, ಲೋಳೆಸರ ಮತ್ತು ಅಡೇನಿಯಂ ಬೆಳೆಸಿದ್ದೇನೆ. ಬೇಸಿಗೆಯನ್ನು ಯಾವುದು ತಾಳುತ್ತದೆ, ಚಿಟ್ಟೆ ಮತ್ತು ಹಕ್ಕಿಗಳು ಯಾವುದನ್ನು ಹುಡುಕಿಕೊಂಡು ಬರುತ್ತವೆ ಎಂಬ ಎರಡು ವಿಷಯಗಳನ್ನು ಇಟ್ಟುಕೊಂಡೇ ಈ ಹೋಲಿಕೆ.

ಎಚೆವೇರಿಯಾದ ತವರು ಮುಖ್ಯವಾಗಿ ಮೆಕ್ಸಿಕೊದ ಎತ್ತರದ ಪ್ರದೇಶಗಳು. ಇಂಥ ಗಿಡಗಳು ನೀರು ಉಳಿಸಿಕೊಳ್ಳಲು ಹಗಲಲ್ಲಿ ಎಲೆಯ ರಂಧ್ರಗಳನ್ನು ಮುಚ್ಚಿಕೊಂಡು ರಾತ್ರಿ ತೆರೆಯುತ್ತವೆಯಾದ್ದರಿಂದ ಅವುಗಳಿಗೆ ರಾತ್ರಿಯ ತಂಪು ಅತ್ಯಗತ್ಯ. ನಮ್ಮಲ್ಲಾದರೋ ಮೇ ತಿಂಗಳ ಹಗಲು 42 ಡಿಗ್ರಿ ಮುಟ್ಟುವುದು ಹೊಸದಲ್ಲ, ಕಾದ ಶಹಾಬಾದ್ ಕಲ್ಲಿನ ಹಾಸು ಕತ್ತಲಾದ ಮೇಲೂ ಬಹಳ ಹೊತ್ತು ಬಿಸಿಯಾಗಿಯೇ ಇರುತ್ತದೆ. ಚಳಿಗಾಲದಲ್ಲಿ ಈ ಗಿಡದ ಅಂದಕ್ಕೆ ಸಾಟಿಯಿಲ್ಲ. ಬೇಸಿಗೆಯಲ್ಲಿ ಬೇವಿನ ನೆರಳಿಗಿಟ್ಟರೂ ಎಲೆ ಸುಕ್ಕುಗಟ್ಟುತ್ತದೆ, ಮಳೆ ಹಿಡಿದರೆ ಬುಡ ಕೊಳೆಯುತ್ತದೆ. ತವರಿನಲ್ಲಿ ಅದರ ಹೂವಿಗೆ ಹಮ್ಮಿಂಗ್‌ಬರ್ಡ್‌ಗಳು ಬರುತ್ತವೆ. ನಮ್ಮ ಅಂಗಳದಲ್ಲಿ ಅದರ ಬಳಿ ಯಾವ ಹಕ್ಕಿಯೂ ಸುಳಿದದ್ದನ್ನು ನಾನು ಕಂಡಿಲ್ಲ.

ಕಾಡುಬಸಳೆಯೂ ಹೊರಗಿನದೇ, ಮಡಗಾಸ್ಕರ್ ಮೂಲದ್ದು. ಆದರೂ ಇಲ್ಲಿಯ ಒಂದು ಚಿಟ್ಟೆ ಅದನ್ನು ತನ್ನದಾಗಿಸಿಕೊಂಡಿದೆ. ರೆಡ್ ಪಿಯರೊ ಎಂಬ ಆ ಪುಟ್ಟ ಚಿಟ್ಟೆಯ ರೆಕ್ಕೆಯ ಮೇಲ್ಭಾಗ ಕಪ್ಪು, ಹಿಂದಿನ ರೆಕ್ಕೆಯಲ್ಲಿ ಕಿತ್ತಳೆಗೆಂಪು ಪಟ್ಟೆ. ಮಡಚಿ ಕೂತಾಗ ಬಿಳಿಯ ಮೇಲೆ ಕಪ್ಪು ಚುಕ್ಕೆಗಳು ಕಾಣುತ್ತವೆ. ಅದು ನೆಲಕ್ಕೆ ಹತ್ತಿರವಾಗಿ ನಿಧಾನವಾಗಿ ಹಾರುವುದರಿಂದ ಮಕ್ಕಳೂ ಸಲೀಸಾಗಿ ಗುರುತಿಸಬಲ್ಲರು. ಮೊಟ್ಟೆಯೊಡೆದ ಹುಳು ದಪ್ಪ ಎಲೆಯೊಳಗೆ ಕೊರೆದುಕೊಂಡು ಹೋಗಿ, ಮೇಲಿನ ಮತ್ತು ಕೆಳಗಿನ ಸಿಪ್ಪೆಗಳ ನಡುವಿನ ತಿರುಳನ್ನಷ್ಟೇ ತಿನ್ನುತ್ತದೆ. ಅಂಥ ಎಲೆಯನ್ನು ಬೆಳಗಿನ ಬಿಸಿಲಿಗೆ ಹಿಡಿದು ನೋಡಿದರೆ, ತಿಂದುಹೋದ ಭಾಗ ಎಣ್ಣೆ ಕಾಗದದಂತೆ ತೆಳುವಾಗಿ, ಅದರೊಳಗೆ ಹುಳುವಿನ ನೆರಳು ಮೆಲ್ಲಗೆ ಸರಿಯುವುದು ಕಾಣುತ್ತದೆ. ಇದನ್ನು ರೋಗವೆಂದು ತಿಳಿದು ಔಷಧಿ ಹೊಡೆಯುವವರನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಉದುರಿದ ಎಲೆಯ ಅಂಚಿನಿಂದಲೇ ಮರಿಗಿಡ ಹುಟ್ಟಿಸುವ ಈ ಗಿಡಕ್ಕೆ ನಾಲ್ಕು ಎಲೆ ಹೋದರೆ ಏನೂ ನಷ್ಟವಿಲ್ಲ. ಒಂದೇ ಕುಂಡಕ್ಕೆ ಜಾಗವಿರುವವರಿಗೆ ನಾನು ಸಂಕೋಚವಿಲ್ಲದೆ ಸೂಚಿಸುವುದು ಇದನ್ನೇ. ಆದರೆ ಇದರ ಎಲೆ ದನಕರುಗಳಿಗೆ ವಿಷವಾದ್ದರಿಂದ ಅವುಗಳ ಬಾಯಿಗೆ ಎಟುಕದಂತೆ ಇಡಬೇಕು.

ಹಕ್ಕಿಗಳ ಮಟ್ಟಿಗೆ ಲೋಳೆಸರವೇ ಮುಂದು. ಅದರ ಉದ್ದನೆಯ ದಂಟಿನಲ್ಲಿ ತಲೆಬಾಗಿದ ಹಳದಿ ಕೊಳವೆ ಹೂಗಳಿಗೆ ಸೂರಕ್ಕಿಗಳು ಬಂದು, ದಂಟನ್ನೇ ಹಿಡಿದು ಕೂತು, ಬಾಗಿದ ಕೊಕ್ಕನ್ನು ಕೆಳಗಿನಿಂದ ತೂರಿಸಿ ಮಕರಂದ ಹೀರುತ್ತವೆ. ಅವುಗಳಲ್ಲಿ ಒಂದು ಜಾತಿಯ ಗಂಡು ಮರಿ ಮಾಡುವ ಕಾಲದಲ್ಲಿ ಮಿರುಗುವ ಕಡುನೀಲಿಯಾಗಿದ್ದು, ಆ ಕಾಲ ಮುಗಿದ ಮೇಲೆ ಹೆಣ್ಣಿನಂತೆ ಮಸುಕಾಗಿ, ಕೊರಳಿನಿಂದ ಎದೆಯವರೆಗೆ ಒಂದು ಕಪ್ಪು ಗೀರು ಮಾತ್ರ ಉಳಿಸಿಕೊಳ್ಳುತ್ತದೆ. ಕುಂಡ ಚಿಕ್ಕದಾದರೆ ಲೋಳೆಸರ ಮರಿಗಳನ್ನೇ ಹಾಕುತ್ತದೆ, ಹೂವಿಗೆ ಬರುವುದು ತಡ. ಹೀಗಾಗಿ ಅದು ನೆಲದಲ್ಲಿದ್ದರೇ ಚೆನ್ನ.

ಬಿಸಿಲು ತಾಳುವುದರಲ್ಲಿ ಅಡೇನಿಯಂ ಎಲ್ಲವನ್ನೂ ಮೀರಿಸುತ್ತದೆ. ಮೂರು ಗಿಡಗಳು ಸೊರಗುವ ಏಪ್ರಿಲ್‌ನಲ್ಲಿ, ಮಾಳಿಗೆಯ ಮೇಲಿನ ನೇರ ಬಿಸಿಲಲ್ಲಿ ಅದು ಹೂ ಬಿಡುತ್ತದೆ. ಕಣಗಿಲೆಯ ಕುಟುಂಬಕ್ಕೆ ಸೇರಿದ್ದರಿಂದ ಕಾಮನ್ ಕ್ರೋ ಚಿಟ್ಟೆ ಇದರ ಮೇಲೂ ಮೊಟ್ಟೆಯಿಡುತ್ತದೆ. ನಾಲ್ಕು ಜೊತೆ ಮೀಸೆಗಳಂಥ ಎಳೆಗಳಿರುವ ಅದರ ಹುಳು ಎಲೆ ಮೇಯ್ದು, ಕನ್ನಡಿಯಂತೆ ಹೊಳೆಯುವ ಬೆಳ್ಳಿಯ ಕೋಶವಾಗಿ ತೂಗುತ್ತದೆ. ಎಲೆ ಬೋಳಾದರೂ ಉಬ್ಬಿದ ಕಾಂಡದಲ್ಲಿ ನೀರಿರುವುದರಿಂದ ಗಿಡ ಮತ್ತೆ ಚಿಗುರುತ್ತದೆ. ಹಾಲು ವಿಷಕಾರಿ, ಕತ್ತರಿಸಿದ ಮೇಲೆ ಕೈ ತೊಳೆಯಬೇಕು.

ನಾಲ್ಕಕ್ಕೂ ಕುಂಡದಲ್ಲಿ ನಮ್ಮ ಎರೆಮಣ್ಣು ಒಗ್ಗದು. ಅದು ಮಳೆಯಲ್ಲಿ ನೀರು ಹಿಡಿದಿಟ್ಟುಕೊಂಡು ಬೇರು ಕೊಳೆಸುತ್ತದೆ. ಮುರುಮ್ (ಗರಸು ಮಣ್ಣು) ಮತ್ತು ದಪ್ಪ ಮರಳಿಗೆ ಸ್ವಲ್ಪ ಹಳೆಯ ತಿಪ್ಪೆಗೊಬ್ಬರ ಬೆರೆಸಿದರೆ ಸಾಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಚೆವೇರಿಯಾ ಮತ್ತು ಅಡೇನಿಯಂ ಕುಂಡಗಳನ್ನು ಮಳೆ ತಾಗದ ಸೂರಿನಡಿಗೆ ಸರಿಸಬೇಕು. ಲೋಳೆಸರ, ಕಾಡುಬಸಳೆಗಳು ನೀರು ನಿಲ್ಲದ ಜಾಗವಿದ್ದರೆ ಹೊರಗೇ ಇರಬಹುದು.